ಹದಿನೇಳನೇ ನಂಬರಿನ ಬ್ಯಾಟರಿ

ಆ ಮೂರು ಸೆಲ್ಲುಗಳು ನ್ಯಾಯವಾಗಿ ಚಿಕ್ಕಮಲ್ಲಪ್ಪನವು. ಈ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಯುಗಾದಿ ಕಳೆದ ವಾರವೇ ಬ್ಯಾಟರಿ ಸ್ವಾಮಿಗಳಿಗೆ ಹೇಳಿಟ್ಟವನು ಅವನು. ಸ್ವಾಮಿಗಳ ಹೆಸರು ಶಿವರುದ್ರಸ್ವಾಮಿ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ರೇಡಿಯೋ ಬ್ಯಾಟರಿಗಳಿಗೆ ಚಾರ್ಜು ತುಂಬಿಕೊಡುವ ಅಂಗಡಿ ಇಟ್ಟಿದ್ದರಿಂದ ಊರು ಅವರಿಗೆ ಆ ಹೆಸರು ಕಟ್ಟಿತ್ತು. ಮೈಸೂರಿನಿಂದ ಮೂರು ಹೊಸ ಸೆಲ್ಲು ತರಿಸಿ, ಬೆಸೆದು, ಒಂದು ಬ್ಯಾಟರಿ ಮಾಡಿಕೊಡುವುದಾಗಿ ಸ್ವಾಮಿಗಳು ಒಪ್ಪಿದ್ದರು. ಸೆಲ್ಲುಗಳು ಬಸ್ಸಿನ ತಲೆಯ ಮೇಲೆ ಬಂದಿಳಿದ ದಿನ ಕಡಲೆಕಾಯಿ ಸಾವ್ಕಾರ ದೊಡ್ಡಮಲ್ಲಪ್ಪ ಅದೇ ದಾರಿಯಲ್ಲಿ ಹೋಗುತ್ತಿದ್ದ. ಕಂಡ, ಕೈ ತೋರಿಸಿದ, ತೆಗೆದುಕೊಂಡ.

"ಏನ್ ಮಾಡ್ಲಪ್ಪಾ, ದೊಡ್ಡೋರು," ಎಂದರು ಸ್ವಾಮಿಗಳು. "ಇನ್ನೆರಡು ತಿಂಗ್ಳು ತಡ್ಕೊ. ಇನ್ನೊಂದು ಪಾರ್ಸಲ್ ಬತ್ತದೆ."

ಹೆಸರಿನಲ್ಲೇ ಅವನು ದೊಡ್ಡ, ಇವನು ಚಿಕ್ಕ. ಸಾವ್ಕಾರನ ಮನೆ ಚಿಕ್ಕಮಲ್ಲಪ್ಪನ ಮನೆಗೆ ಮೂರು ಓಣಿ ಆಚೆ. ಸಂಜೆ ಗಾಳಿ ಆ ಕಡೆಯಿಂದ ಬೀಸಿದರೆ ಆ ಮೂರು ಸೆಲ್ಲುಗಳ ಹಾಡು ಇವನ ಹಿತ್ತಿಲವರೆಗೂ ಕೇಳುತ್ತಿತ್ತು.

ರೇಡಿಯೋ ಅವನಲ್ಲೂ ಇತ್ತು. ಗೂಡಲೂರಿನ ಟೀ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹಿಂತಿರುಗುವಾಗ ಮಂಚ, ಮೇಜು, ನಾಯಿ ಎಲ್ಲವನ್ನೂ ಮಾರಿ ಹೋಗಿದ್ದ. ಬಟ್ಟೆ ಅಂಗಡಿಯ ಗಂಟು ಹೊತ್ತು ಅಲ್ಲಿಗೆ ಹೋಗಿದ್ದ ಚಿಕ್ಕಮಲ್ಲಪ್ಪ ರೇಡಿಯೋ ಹೊತ್ತು ಬಂದಿದ್ದ. ಅದು ಬ್ಯಾಟರಿಯಿಂದ ಹಾಡುವ ರೇಡಿಯೋ. ಕರೆಂಟು ಪೇಟೆ ಬೀದಿಯವರೆಗೆ ಬಂದಿತ್ತು. ಅವನ ಬೀದಿಗೆ ಕಂಬ ಮಾತ್ರ ಬಂದು ನಿಂತಿತ್ತು. ಎಂಟು ತಿಂಗಳಿಂದ ರೇಡಿಯೋ ಹಿತ್ತಿಲ ಕೋಣೆಯ ಮೂಲೆಯಲ್ಲಿ ಮೂಕವಾಗಿ ಕೂತಿತ್ತು. ಅವ್ವ ಅದರ ಮೇಲೆ ಹಪ್ಪಳದ ಡಬ್ಬ ಇಡುತ್ತಿದ್ದಳು.

ಇದೆಲ್ಲವನ್ನೂ ಅವನು ಸಹಿಸಿಕೊಂಡಿರುತ್ತಿದ್ದನೋ ಏನೋ. ಆದರೆ ನಡುವೆ ಚಂದಕವಾಡಿ ಬಂತು.

ಚಾಮರಾಜನಗರದ ಆಚೆ ಚಂದಕವಾಡಿಯಲ್ಲಿ ಗುರುಮಲ್ಲಯ್ಯನವರ ಮಗಳು ಕರಿಬಸಮ್ಮನನ್ನು ನೋಡಲು ಅವನು ಅವ್ವನ ಜೊತೆ ಹೋಗಿದ್ದ. ಸಂಬಂಧ ಹೇಳಿದವರು ಇದೇ ಬ್ಯಾಟರಿ ಸ್ವಾಮಿಗಳೇ. ಗುರುಮಲ್ಲಯ್ಯ ಅವರ ಷಡ್ಡಕ. ಹುಡುಗಿ ಕಾಫಿ ಲೋಟ ಇಟ್ಟು ತಲೆ ಬಗ್ಗಿಸಿ ನಿಂತಳು. ಅವನ ಸಂಪಾದನೆ ಕೇಳಿದರು, ತಲೆ ಎತ್ತಲಿಲ್ಲ. ಮನೆಯ ಅಂಕಣ ಎಷ್ಟು ಎಂದು ಕೇಳಿದರು, ಎತ್ತಲಿಲ್ಲ. "ಮನೇಲಿ ರೇಡಿಯೋ ಅದೆ," ಎಂದು ಅವ್ವ ಅಂದಳು. ಆಗ ಒಂದು ಸಲ ಎತ್ತಿದಳು. ಆ ಒಂದು ಸಲಕ್ಕೇ ಚಿಕ್ಕಮಲ್ಲಪ್ಪನ ಕೈಯಲ್ಲಿದ್ದ ಕಾಫಿ ತಟ್ಟೆಗೆ ತುಳುಕಿತು.

ಹುಡುಗಿ ಪಕ್ಕದಲ್ಲಿದ್ದ ತನ್ನ ಸೋದರತ್ತೆಯ ಕಿವಿಯಲ್ಲಿ ಏನೋ ಹೇಳಿದಳು. "ಅದ್ರಲ್ಲಿ ವೀಣೆ ಬತ್ತದಾ ಅಂತ ಕೇಳ್ತಾವ್ಳೆ," ಎಂದಳು ಅತ್ತೆ.

"ದಿನಾ ಬತ್ತದೆ," ಎಂದುಬಿಟ್ಟ ಚಿಕ್ಕಮಲ್ಲಪ್ಪ. "ಬೆಳಿಗ್ಗೆನೂ ಬತ್ತದೆ, ಸಂಜೇನೂ ಬತ್ತದೆ."

"ಹಂಗಾದ್ರೆ ಮನೆ ನೋಡಕ್ ಬಂದಾಗ ಎಲ್ರೂ ಕೂತ್ಕಂಡು ಕೇಳನ ಬುಡಿ," ಎಂದು ಗುರುಮಲ್ಲಯ್ಯ ನಕ್ಕರು. ಮನೆ ನೋಡಲು ಬರುವ ದಿನವನ್ನೂ ಅಲ್ಲೇ ಗೊತ್ತು ಮಾಡಿದರು. ಗ್ರಹಣ ಸೋಮವಾರ ಬರುತ್ತದೆ. ಅದು ಕಳೆದು ಎರಡು ದಿನ ಬಿಟ್ಟು, ಗುರುವಾರ.

ಚಾಮರಾಜನಗರದಿಂದ ಹಿಂತಿರುಗುವ ಬಸ್ಸಿನಲ್ಲಿ ಅವ್ವ ಅಂದಳು: "ಅಲ್ಲ ಕಣ್ಲಾ, ಅದು ಉಸ್ರೇ ಬುಡಲ್ವಲ್ಲ, ವೀಣೆ ಎಲ್ಲಿಂದ ತತ್ತೀಯೆ?"

"ತತ್ತೀನಿ ಬುಡವ್ವ," ಎಂದ. ತೆರಕಣಾಂಬಿ ದಾಟುವಷ್ಟರಲ್ಲಿ ಎಲ್ಲಿಂದ ಎಂಬುದು ಅವನಿಗೆ ಹೊಳೆದಿತ್ತು. ಗುಂಡ್ಲುಪೇಟೆಯಲ್ಲಿ ಇಳಿಯುವಷ್ಟರಲ್ಲಿ ಯಾವಾಗ ಎಂಬುದೂ ಹೊಳೆಯಿತು.

ಸಾವ್ಕಾರನ ಬ್ಯಾಟರಿ ಮನೆಯ ಒಳಗಿರಲಿಲ್ಲ. ಹುಳಿ ವಾಸನೆಯ ಡಬ್ಬ ಹೊಸಿಲು ದಾಟಕೂಡದು ಎಂದು ಅವನ ಹೆಂಡತಿ ಹಟ ಹಿಡಿದಿದ್ದಳು. ಹಾಗಾಗಿ ಜಗಲಿಯ ಮೇಲೆ ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಅದು ಕೂತಿರುತ್ತಿತ್ತು. ಎರಡು ತಂತಿ ಕಿಟಕಿಯಿಂದ ಒಳಗಿನ ರೇಡಿಯೋಗೆ ಹೋಗುತ್ತಿದ್ದವು. ಪೆಟ್ಟಿಗೆಗೆ ಬೀಗವಿಲ್ಲ, ಬೇಕಾಗಿರಲೂ ಇಲ್ಲ. ಹಗಲೆಲ್ಲ ಜಗಲಿಯ ತುಂಬ ಜನ. ರಾತ್ರಿ ಆಳು ಮರಿಯಯ್ಯ ಆ ಪೆಟ್ಟಿಗೆಗೇ ತಲೆಯಿಟ್ಟು ಮಲಗುತ್ತಿದ್ದ.

ಆದರೆ ಗ್ರಹಣದ ಹೊತ್ತಿನಲ್ಲಿ ಜಗಲಿಯ ಮೇಲೆ ಯಾರಿರುತ್ತಾರೆ? ಸೋಮವಾರ ಬೆಳಿಗ್ಗೆ ಏಳಕ್ಕೆ ಹಿಡಿದು ಒಂಬತ್ತೂವರೆಗೆ ಬಿಡುವ ಸೂರ್ಯಗ್ರಹಣ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಎಷ್ಟೇ ಹೇಳಲಿ, ಗುಂಡ್ಲುಪೇಟೆಯ ಹೆಂಗಸರು ಅದನ್ನು ಒಪ್ಪಿರಲಿಲ್ಲ. ಒಲೆ ಆರಿಸಿ, ಬಾಗಿಲು ಹಾಕಿ, ಎಲ್ಲರೂ ನಡುಮನೆಯಲ್ಲಿ ಕೂರುತ್ತಿದ್ದರು. ಹಾಡ ಹಗಲು, ಖಾಲಿ ಬೀದಿ. ದೇವರೇ ಊರಿಗೆ ಕದ ಹಾಕಿಕೊಡುತ್ತಿದ್ದ.

ಬರೀ ಎತ್ತಿಕೊಂಡು ಬರುವುದು ದಡ್ಡರ ಕೆಲಸ. ಎತ್ತಿದರೆ ಕಳವಾಯಿತೆಂದು ಗೊತ್ತಾಗುತ್ತದೆ, ಗೊತ್ತಾದರೆ ಹುಡುಕುತ್ತಾರೆ. ಚಿಕ್ಕಮಲ್ಲಪ್ಪನಿಗೆ ಬೇಕಾಗಿದ್ದದ್ದು ಕಳವಾಯಿತೆಂದೇ ಗೊತ್ತಾಗದ ಕಳವು. ಒಂದು ಬ್ಯಾಟರಿ ತೆಗೆದು, ಅದರ ಜಾಗದಲ್ಲಿ ಅದರಂಥದೇ ಸತ್ತ ಬ್ಯಾಟರಿ ಇಟ್ಟು ಬಂದರೆ? ಗ್ರಹಣ ಬಿಟ್ಟ ಮೇಲೆ ರೇಡಿಯೋ ಹಾಡುವುದಿಲ್ಲ. ಬ್ಯಾಟರಿ ಸತ್ತಿದೆ ಅನ್ನುತ್ತಾರೆ. ಯಾಕೆ ಸತ್ತಿತು? ಗ್ರಹಣದ ದೋಷ! ಬಸುರಿಯರಿಗೇ ತಗಲುವ ದೋಷ ಬ್ಯಾಟರಿಗೆ ತಗಲದೆ ಇರುತ್ತದೆಯೇ? ಇಡೀ ಊರೇ ಅವನ ಪರವಾಗಿ ಸಾಕ್ಷಿ ಹೇಳುತ್ತದೆ.

ಸತ್ತ ಸೆಲ್ಲುಗಳು ಸಿಗುವುದು ಕಷ್ಟವಾಗಲಿಲ್ಲ. ಸ್ವಾಮಿಗಳ ಅಂಗಡಿಯ ಹಿಂದೆ ಅವುಗಳ ಗುಡ್ಡೆಯೇ ಇತ್ತು, ಒಣಗಿ, ಜೇಡ ಕಟ್ಟಿ. ಸಂತೆಯ ದಿನ ಮೂರನ್ನು ಬಟ್ಟೆ ಗಂಟಿನೊಳಗೆ ಸೇರಿಸಿ ತಂದ. ಬೆಸೆಯುವುದು ಹೇಗೆಂದು ಅವನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅವನ ಬಟ್ಟೆ ಅಂಗಡಿ ಇದ್ದದ್ದು ಸ್ವಾಮಿಗಳ ಅಂಗಡಿಯ ಎದುರಿಗೇ. ನಾಲ್ಕು ವರ್ಷದಿಂದ, ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ, ಅವನು ಅದನ್ನೇ ನೋಡಿದ್ದ.

ಪ್ರತಿ ಸೆಲ್ಲಿಗೂ ಸೀಸದ ಎರಡು ಕಿವಿ. ಒಂದಕ್ಕೆ ಕೆಂಪು ಬಣ್ಣ, ಇನ್ನೊಂದು ಬೋಳು. ಮೊದಲನೆಯದರ ಬೋಳು ಕಿವಿಯನ್ನು ಎರಡನೆಯದರ ಕೆಂಪು ಕಿವಿಗೆ, ಎರಡನೆಯದರ ಬೋಳು ಕಿವಿಯನ್ನು ಮೂರನೆಯದರ ಕೆಂಪಿಗೆ, ಸೀಸದ ಪಟ್ಟಿಯಿಂದ ಜೋಡಿಸಬೇಕು. ಕಿವಿಗಳನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡಬೇಕು. ಮೇಣದಬತ್ತಿಯ ಚೂರು ಸವರಬೇಕು. ಬೆಸುಗೆ ಕಡ್ಡಿಯ ತಾಮ್ರದ ಮೂತಿಯನ್ನು ಇದ್ದಿಲ ಕೆಂಡದಲ್ಲಿ ಕಾಯಿಸಿ, ನವಸಾಗರಕ್ಕೆ ಉಜ್ಜಿ, ಬೆಸುಗೆ ಮುಟ್ಟಿಸಿ, ಉಸಿರು ಬಿಗಿಹಿಡಿದು ಎಳೆಯಬೇಕು.

ನೋಡುವುದು ಬೇರೆ, ಮಾಡುವುದು ಬೇರೆ. ಮೊದಲ ದಿನ ಕಡ್ಡಿ ಹೆಚ್ಚು ಕಾದು ಕಿವಿಯೇ ಬೆಲ್ಲದ ಹಾಗೆ ಕರಗಿ ಕೂತಿತು. ಎರಡನೇ ದಿನ ಕಡಿಮೆ ಕಾದು ಬೆಸುಗೆ ಹಿಟ್ಟಿನ ಉಂಡೆಯಂತೆ ಮೇಲೇ ಕೂತು, ಬೆರಳು ತಾಗಿಸಿದರೆ ಉದುರಿತು. ಐದನೇ ದಿನಕ್ಕೆ ಕೈಗೆ ಹದ ಬಂತು. ಬೆಸುಗೆ ಮಿನುಗುತ್ತ ಹರಿದು, ಒಂದು ಗಳಿಗೆ ಕನ್ನಡಿಯಾಗಿ, ಆಮೇಲೆ ಮಂಕಾಗಿ ಗಟ್ಟಿಯಾಯಿತು. ಹಿತ್ತಿಲ ಕೋಣೆಯಲ್ಲಿ ಒಬ್ಬನೇ ಕೂತು ಅವನು ಅದನ್ನು ಬಹಳ ಹೊತ್ತು ನೋಡಿದ. ಬಟ್ಟೆ ಅಳೆಯುವುದಕ್ಕೇ ಹುಟ್ಟಿದವನಲ್ಲ ತಾನು ಎನಿಸಿತು.

ಸ್ವಾಮಿಗಳು ಬೆಸೆದ ಸೆಲ್ಲುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದರು. ಸಾವ್ಕಾರನದು ಹದಿನೇಳು. ಚಿಕ್ಕಮಲ್ಲಪ್ಪ ಅಂಥದೇ ಪೆಟ್ಟಿಗೆ ಮಾಡಿ ಹದಿನೇಳು ಬರೆದ, ಸ್ವಾಮಿಗಳು ಏಳರ ಅಂಕಿಗೆ ಎಳೆಯುವ ಬಾಲವನ್ನೂ ಬಿಡದೆ. ಹದಿನೇಳರ ಎಡ ಮೂಲೆಯಲ್ಲಿ ಮರ ಸೀಳಿತ್ತು, ಇವನೂ ಸೀಳಿದ. ಮೇಲೆ ಡಾಂಬರು ಕಾಸಿ ಸುರಿದ. ಒಳಗೆ ಆಸಿಡ್ ಇರಬೇಕಲ್ಲ? ಅದನ್ನು ಸ್ವಾಮಿಗಳು ಜಾಡಿಯಲ್ಲಿ ತುಂಬಿ ಬೀಗ ಹಾಕಿ ಇಡುತ್ತಿದ್ದರು. ಬೇಕಾಗಲಿಲ್ಲ. "ಸತ್ತ ಸೆಲ್ಲಲ್ಲಿ ಉಳಿಯೋದು ನೀರೇ ಕಣಪ್ಪ, ಸತ್ವ ಎಲ್ಲ ಹೋಗಿರ್ತದೆ," ಎಂದು ಅವರೇ ಒಮ್ಮೆ ಹೇಳಿದ್ದರು. ಚಿಕ್ಕಮಲ್ಲಪ್ಪ ಮೂರು ಸೆಲ್ಲಿಗೂ ಮಳೆನೀರು ತುಂಬಿ ಬಿರಡೆ ಹಾಕಿದ. ತೂಕವೂ ಸರಿಹೋಯಿತು.

ಅಸಲಿಯ ಒಳಗಿರುವ ಆಸಿಡ್ಡನ್ನೂ ಅವನು ಮರೆತಿರಲಿಲ್ಲ. ಅವನು ಏನನ್ನೂ ಮರೆಯುವವನಲ್ಲ. ಹಿಂದೊಮ್ಮೆ ಕೇಳಿದ್ದ: "ಸ್ವಾಮೇರೆ, ಕೈ ಸುಡಲ್ವಾ?"

"ನೀರ್ ಬೆರೆಸಿರೋದು ಕಣಪ್ಪ. ತಕ್ಷಣ ತೊಳ್ಕಂಡ್ರೆ ಆಯ್ತು, ಚರ್ಮಕ್ಕೆ ಏನಾಗಲ್ಲ," ಎಂದಿದ್ದರು ಸ್ವಾಮಿಗಳು, ಬೆರಳನ್ನು ಅದ್ದಿ, ತೆಗೆದು, ತೊಳೆದು ತೋರಿಸಿ.

ಇನ್ನು ಉಳಿದದ್ದು ಹೊರುವುದು. ಅಂಗಡಿಯ ಹಳೆಯ ಪಂಚೆಯಿಂದ ಒಂದು ಜೋಳಿಗೆ ಮಾಡಿ, ಕೊರಳಿಗೆ ಹಾಕಿ, ಬ್ಯಾಟರಿಯನ್ನು ಹೊಟ್ಟೆಗೆ ಅಪ್ಪಿಕೊಂಡು, ಮೇಲೆ ವಲ್ಲಿ ಹೊದ್ದರೆ ಏನೂ ಕಾಣುತ್ತಿರಲಿಲ್ಲ. ತನ್ನ ಹಿತ್ತಿಲ ಬಾಗಿಲಿನಿಂದ ಸಾವ್ಕಾರನ ಜಗಲಿಗೆ ಇನ್ನೂರ ಹನ್ನೆರಡು ಹೆಜ್ಜೆ. ತನ್ನ ಹಿತ್ತಿಲಲ್ಲೇ ಅಷ್ಟು ಹೆಜ್ಜೆ ಹಾಕಿ ಹಾಕಿ ಅಭ್ಯಾಸ ಮಾಡಿದ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಏನ್ಲಾ ಅದು, ಏಳ್ ತಿಂಗ್ಳ ಬಸ್ರಿ ಓಡಾಡ್ದಂಗೆ ಓಡಾಡ್ತಿದ್ದಿಯೆ?"

"ಕಸರತ್ತು ಕಣವ್ವ."

"ಮದ್ವೆ ಆಗದು ನೀನು ಕಣ್ಲಾ, ಹೆರಕ್ಕೆ ಅವ್ಳವ್ಳೆ. ಸುಮ್ನೆ ಒಳಕ್ ಬಾ."

ಅಭ್ಯಾಸದಲ್ಲಿ ಒಂದು ವಿಷಯ ಗೊತ್ತಾಯಿತು. ಸೆಲ್ಲಿನ ಬಿರಡೆಗಳಲ್ಲಿ ಗಾಳಿಗೆಂದು ಸೂಜಿಮೊನೆಯಷ್ಟು ತೂತು ಇರುತ್ತದೆ. ಚರಂಡಿ ದಾಟುವಾಗ ಬಗ್ಗಿದರೆ ಅದರಿಂದ ಒಂದೆರಡು ತೊಟ್ಟು ಜುಬ್ಬದ ಮೇಲೆ ಜಿನುಗುತ್ತದೆ. ಅವನು ಅದನ್ನೂ ಪರೀಕ್ಷಿಸಿದ. ಜುಬ್ಬ ಒಣಗಿತು, ಕಲೆ ಇಲ್ಲ. ಅದನ್ನು ಮಡಿವಾಳಗಿತ್ತಿ ಚಿಕ್ಕನಿಂಗಮ್ಮನಿಗೆ ಒಗೆಯಲು ಹಾಕಿದ. ಹಾಲಿನಂತೆ ಬೆಳ್ಳಗಾಗಿ ವಾಪಸು ಬಂತು. ಅದು ಅವನಿಗೆ ಮುಖ್ಯವಾಗಿತ್ತು. ಊರಿನಲ್ಲಿ ಚಿಕ್ಕಮಲ್ಲಪ್ಪನ ಬಿಳಿ ಬಟ್ಟೆ ಹೆಸರಾದದ್ದು. ನೀಲಿ ಹಾಕಿದ ಜುಬ್ಬ, ನೀಲಿ ಹಾಕಿದ ಪಂಚೆ, ಒಂದು ಸುಕ್ಕಿಲ್ಲ. ಬ್ಯಾಟರಿಯಂಥ ಕೊಳಕು ವಸ್ತುವನ್ನು ಮುಟ್ಟಿದವನ ಬಟ್ಟೆ ಹೀಗಿರುವುದುಂಟೇ ಎಂದು ಯಾರಾದರೂ ಅಂದುಕೊಳ್ಳಲಿ. ಅದಕ್ಕೇ ಆ ದಿನವೂ ಬಿಳಿಯನ್ನೇ ಉಡುವುದೆಂದು ನಿರ್ಧರಿಸಿದ.

ಬ್ಯಾಟರಿ ಮುಟ್ಟುವವರ ಬಟ್ಟೆ ಹೇಗಿರುತ್ತದೆಂದು ತಿಳಿಯಲು ಸ್ವಾಮಿಗಳನ್ನು ನೋಡಿದರೆ ಸಾಕಾಗಿತ್ತು. ವರ್ಷಕ್ಕೆ ನಾಲ್ಕು ಸಲ ಅವರು ಇವನ ಅಂಗಡಿಗೆ ಅಂಗಿ ಬಟ್ಟೆಗೆ ಬರುತ್ತಿದ್ದರು, ಜರಡಿಯಂಥ ಅಂಗಿ ತೊಟ್ಟು.

"ಏನ್ ಸ್ವಾಮೇರೆ, ನಮ್ಮಂಗ್ಡಿ ಬಟ್ಟೆನ ಇಲಿಗ್ ಹಾಕ್ತೀರಾ?" ಎಂದು ಆ ತಿಂಗಳೂ ಕೇಳಿದ್ದ.

"ಒಗಿಯಕ್ ಹಾಕೋವಾಗ ಚೆನ್ನಾಗೇ ಇರ್ತದೆ ಕಣಪ್ಪ," ಎಂದು ಸ್ವಾಮಿಗಳು ನಕ್ಕರು. "ಬರೋವಾಗ ಇಂಗೆ."

ಅಂಗಡಿಯ ಮೆಟ್ಟಿಲ ಕೆಳಗೆ ಗಂಟು ಇಳಿಸಿ ಕೂತಿದ್ದ ಚಿಕ್ಕನಿಂಗಮ್ಮನಿಗೆ ಸಿಟ್ಟು ಬಂತು. "ನಾನ್ ಬಡ್ದು ಹರ್ದಿದ್ದಲ್ಲ ಕಣ್ರಪ್ಪೋ."

"ಹಂಗಾರೆ ಇನ್ನೇನು, ಹೊಳೇಲಿ ಮೀನ್ ಕಚ್ಚುದ್ವಾ?" ಎಂದ ಚಿಕ್ಕಮಲ್ಲಪ್ಪ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ಗಂಟು ಎತ್ತಿಕೊಂಡು ಹೋದಳು. ಬಟ್ಟೆಯ ವಿಷಯದಲ್ಲಿ ಗುಂಡ್ಲುಪೇಟೆಯಲ್ಲಿ ತನಗಿಂತ ತಿಳಿದವರಿಲ್ಲ ಎಂದು ಚಿಕ್ಕಮಲ್ಲಪ್ಪನಿಗೆ ಗೊತ್ತಿತ್ತು.

ಗುರುವಾರ ರೇಡಿಯೋ ಹಾಡಿದಾಗ ಬ್ಯಾಟರಿ ಎಲ್ಲಿಂದ ಬಂತು ಎಂದು ಸ್ವಾಮಿಗಳು ಕೇಳಿಯಾರು. ಅದಕ್ಕೂ ಉತ್ತರ ಸಿದ್ಧವಾಗಿತ್ತು. ಶನಿವಾರ ಮೈಸೂರು ಬಸ್ಸಿನಿಂದ ಗೋಣಿ ಸುತ್ತಿದ ಒಂದು ಪೆಟ್ಟಿಗೆಯನ್ನು ಎಲ್ಲರೂ ನೋಡುವಂತೆ ಇಳಿಸಿಕೊಂಡ. ಒಳಗೆ ನಾಲ್ಕು ಇಟ್ಟಿಗೆ ಇದ್ದವು. "ಮೈಸೂರಿಂದ್ಲೇ ತರಿಸ್ಬುಟ್ಟೆ ಸ್ವಾಮೇರೆ, ನಿಮ್ಮನ್ಯಾಕೆ ಕಾಯ್ಸೋದು," ಎಂದ. ಸ್ವಾಮಿಗಳು ಪಾಪ, ಸಂತೋಷಪಟ್ಟರು. ಸಾವ್ಕಾರನ ಸೆಲ್ಲುಗಳನ್ನು ಗುರುತು ಹಿಡಿಯುವಂತೆಯೂ ಇರಲಿಲ್ಲ. ತಂದ ತಕ್ಷಣ ಹಳೆಯ ಬೆಸುಗೆ ಬಿಡಿಸಿ, ಬೇರೆ ಪಟ್ಟಿ ಹಾಕಿ, ಬೇರೆ ಪೆಟ್ಟಿಗೆಯಲ್ಲಿ ಮತ್ತೆ ಬೆಸೆಯುವುದು ಎಂದು ಗೊತ್ತು ಮಾಡಿದ್ದ. ಹದಿನೇಳನೇ ನಂಬರಿನ ಮರ ಒಲೆಗೆ.

ಸೋಮವಾರ ಬಂತು. ನಸುಕಿನಲ್ಲೇ ಇದ್ದಿಲು ಹೊತ್ತಿಸಿ ಹಿತ್ತಿಲ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಬೂದಿ ಮುಚ್ಚಿಟ್ಟ. ಅವ್ವ ಒಲೆ ಆರಿಸಿ, ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿ, ನಡುವೆ ಒನಕೆ ನಿಲ್ಲಿಸುವುದಕ್ಕೆ ಕೂತಳು. ಗ್ರಹಣ ಹಿಡಿದಿದ್ದರೆ ಒನಕೆ ತಾನೇ ನಿಲ್ಲುತ್ತದೆ, ಬಿಟ್ಟರೆ ಬೀಳುತ್ತದೆ. ಅವ್ವನ ಗಡಿಯಾರ ಅದು.

"ನಾನು ಹಿತ್ತಿಲ ಕೋಣೇಲಿ ಜಪಕ್ಕೆ ಕೂತ್ಕತೀನಿ. ಕರೀಬ್ಯಾಡ," ಎಂದ.

"ಕೂತ್ಕೊ ಮಗ. ಬುಟ್ ಮ್ಯಾಕೆ ಹೊಳೆಗೋಗನ. ಉಟ್ ಬಟ್ಟೇಲೇ ಮುಳುಗ್ಬೇಕು. ಮದ್ವೆ ಆಗೋ ಗಂಡು ನೀನು, ದೋಸ ಇಟ್ಕಬಾರ್ದು."

ಸ್ನಾನದ ಬಗ್ಗೆಯೂ ಅವನು ಯೋಚಿಸಿದ್ದ. ತಪ್ಪಿಸಿಕೊಳ್ಳಬಹುದಾಗಿತ್ತು, ಅಯ್ಯನವರ ಮಾತು ಹಿಡಿದು ಸೂತಕವಿಲ್ಲ ಎಂದು ಮನೆಯಲ್ಲೇ ಉಳಿಯಬಹುದಾಗಿತ್ತು. ಆದರೆ ಊರೆಲ್ಲ ಹೊಳೆಯಲ್ಲಿರುವಾಗ ಒಬ್ಬನೇ ಮನೆಯಲ್ಲಿದ್ದರೆ ನಾಲ್ಕು ಜನ ನೆನಪಿಟ್ಟುಕೊಳ್ಳುತ್ತಾರೆ. ಹೋಗುವುದೇ ಸರಿ. ಬಿಳಿ ಬಟ್ಟೆಯಲ್ಲಿ ಹೋಗಿ ಎಲ್ಲರೆದುರು ಮುಳುಗಿ ಏಳುವುದೇ ಸರಿ.

ಒನಕೆ ನಿಂತಿತು. ಅವ್ವ ಅದರ ಮೇಲೇ ಕಣ್ಣು ನೆಟ್ಟಳು. ಚಿಕ್ಕಮಲ್ಲಪ್ಪ ಜೋಳಿಗೆ ಹಾಕಿಕೊಂಡು ಹೊರಬಿದ್ದ.

ಬಿಸಿಲು ಬಿಸಿಲಾಗಿ ಇರಲಿಲ್ಲ, ಹಳೆಯ ಬೆಳ್ಳಿಯ ಹಾಗಿತ್ತು. ಕಾಗೆಗಳು 'ಕಾ ಕಾ' ಎನ್ನುತ್ತ ಗೂಡಿಗೆ ಹೊರಟಿದ್ದವು. ಹೊಂಗೆ ಮರದ ಕೆಳಗೆ ಎಲೆಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ದುಂಡಗಿರದೆ ಪುಟ್ಟ ಪುಟ್ಟ ಚಂದ್ರನ ತುಂಡುಗಳಾಗಿ ನೆಲದ ತುಂಬ ಬಿದ್ದಿದ್ದವು. ಅವನ ಬಿಳಿ ಜುಬ್ಬದ ಮೇಲೂ ಬಿದ್ದವು. ಒಂದು ನಾಯಿ ಬಿಟ್ಟರೆ ಬೀದಿಯಲ್ಲಿ ಯಾರೂ ಇರಲಿಲ್ಲ. ಇನ್ನೂರ ಹನ್ನೆರಡು ಹೆಜ್ಜೆ. ಮುಚ್ಚಳ ಎತ್ತಿದ, ತಂತಿ ಬಿಡಿಸಿದ, ಹದಿನೇಳನ್ನು ತೆಗೆದ, ಹದಿನೇಳನ್ನು ಇಟ್ಟ, ತಂತಿ ಸಿಗಿಸಿದ, ಮುಚ್ಚಳ ಹಾಕಿದ. ಬಾಗಿಲ ಆಚೆ ಸಾವ್ಕಾರ ತನ್ನ ಹೆಂಡತಿಯನ್ನು ಕೇಳುತ್ತಿದ್ದ: "ಇನ್ನೂ ಎಷ್ಟೊತ್ತೇ? ಹೊಟ್ಟೆ ಹಸೀತದೆ." ಚಿಕ್ಕಮಲ್ಲಪ್ಪನಿಗೆ ನಗು ಬಂತು. ಬರುವಾಗಲೂ ಚರಂಡಿ ದಾಟುವಲ್ಲಿ ಬಗ್ಗಿದ. ಮೂರೂ ಬಿರಡೆಗಳಿಂದ ಹೊಟ್ಟೆಯ ಮೇಲೆ ತಣ್ಣಗೆ ಒಂದೆರಡು ತೊಟ್ಟು ಜಿನುಗಿತು. ಅಭ್ಯಾಸದಲ್ಲಿ ಆದ ಹಾಗೆಯೇ. ಎಲ್ಲವೂ ಅಭ್ಯಾಸದಲ್ಲಿ ಆದ ಹಾಗೆಯೇ ಆಗುತ್ತಿತ್ತು.

ಕೋಣೆಗೆ ಬಂದು ಚಿಲಕ ಹಾಕಿ, ಬೂದಿ ಸರಿಸಿ, ಕಡ್ಡಿ ಕಾಯಿಸಿದ. ಹಳೆಯ ಬೆಸುಗೆ ಬಿಡಿಸಿದ. ಹೊಸ ಸೆಲ್ಲುಗಳು ಬಿಡಿಬಿಡಿಯಾಗಿ ಮುಂದೆ ನಿಂತವು. ಸ್ವಾಮಿಗಳು ಮಾಡುವಂತೆ ಬಿರಡೆ ತೆಗೆದು, ಮಗುವಿನ ಗಂಜಿಗೆ ಊದುವ ಹಾಗೆ ಪ್ರತಿ ಸೆಲ್ಲಿಗೂ ಊದಿ ಒಳಗಿನ ಗಾಳಿ ಹೊರಡಿಸಿದ. ತನ್ನ ಪೆಟ್ಟಿಗೆಯಲ್ಲಿ ಕೂರಿಸಿ ಬೆಸೆಯತೊಡಗಿದ. ಅಗ್ಗಿಷ್ಟಿಕೆಯ ಕಾವು ಎದೆಗೂ ಹೊಟ್ಟೆಗೂ ಬಡಿಯುತ್ತಿತ್ತು. ಜುಬ್ಬದ ಮೇಲಿನ ತೊಟ್ಟುಗಳು ಆಗಲೇ ಒಣಗಿದ್ದವು, ಕಲೆ ಇರಲಿಲ್ಲ. ಹೊಟ್ಟೆ ಸ್ವಲ್ಪ ತುರಿಸುತ್ತಿತ್ತು. ಬೆವರುಸಾಲೆ ಎಂದುಕೊಂಡ.

"ಯಾರ್ಲಾ ಗ್ರಾಣದಾಗೆ ಬೆಂಕಿ ಹಚ್ಚವ್ರೆ?" ಎಂದಳು ಅವ್ವ ನಡುಮನೆಯಿಂದ. "ವಾಸ್ನೆ ಬತ್ತಾ ಅದೆ."

"ಪಕ್ಕದ್ಮನೇಲಿ ಕಣವ್ವ."

"ಕಲಿಗಾಲ," ಎಂದಳು ಅವ್ವ.

ಕೊನೆಯ ಬೆಸುಗೆ ಮಿನುಗಿ ಮಂಕಾಯಿತು. ಡಾಂಬರು ಹಾಕುವ ಮುಂಚೆ ಒಂದು ಸಲ ನೋಡಿಬಿಡಬೇಕೆನಿಸಿತು. ಹಪ್ಪಳದ ಡಬ್ಬ ಇಳಿಸಿ ರೇಡಿಯೋವನ್ನು ಹತ್ತಿರಕ್ಕೆ ಎಳೆದು ತಂತಿ ಸಿಗಿಸಿದ, ಗುಂಡಿಯನ್ನು ಅತಿ ಕಡಿಮೆಗೆ ತಿರುಗಿಸಿದ. ಮೊದಲು ದುಂಬಿಯ ಹಾಗೆ ಗುಯ್ಯೆಂದಿತು. ಆಮೇಲೆ, ಎಂಟು ತಿಂಗಳ ಮೇಲೆ, ಮೈಸೂರಿನಿಂದ ಯಾರೋ ಅವನ ಹಿತ್ತಿಲ ಕೋಣೆಗೆ ವೀಣೆ ನುಡಿಸಿದರು. ವೀಣೆಯೇ! ಕರಿಬಸಮ್ಮ ತಲೆ ಎತ್ತಿ ನೋಡಿದ್ದು ಅವನ ಕಣ್ಣಿಗೆ ಕಟ್ಟಿತು. ಐದೇ ನಿಮಿಷ ಕೇಳಿ, ಆರಿಸಿ, ಗೋಣಿ ಮುಚ್ಚಿದ. ನಡುಮನೆಯಲ್ಲಿ ಒನಕೆ ದಡ್ಡೆಂದು ಬಿತ್ತು.

ಗುಂಡ್ಲು ಹೊಳೆಯಲ್ಲಿ ಸೊಂಟದವರೆಗೆ ನೀರಿತ್ತು, ದಡದ ತುಂಬ ಜನರಿದ್ದರು. ಬಿಸಿಲು ಮತ್ತೆ ಹಳದಿಯಾಗಿತ್ತು. ಕೆಳಗಡೆ ತನ್ನ ಕಲ್ಲಿನ ಮೇಲೆ ಚಿಕ್ಕನಿಂಗಮ್ಮ ಆಗಲೇ ಬಟ್ಟೆ ನೆನೆಹಾಕುತ್ತಿದ್ದಳು. ಚಿಕ್ಕಮಲ್ಲಪ್ಪ ಬೆಳ್ಳಗೆ ಹೊಳೆಯುತ್ತ ಇಳಿದು ಬಂದ. ಒಬ್ಬರಿಬ್ಬರು ತಿರುಗಿ ನೋಡಿದರು. ಬ್ಯಾಟರಿ ಸ್ವಾಮಿಗಳು ನೀರಿನಲ್ಲಿದ್ದರು. ಅವರ ಪಕ್ಕದಲ್ಲಿ, ಮುಖ ಗಂಟು ಹಾಕಿಕೊಂಡು, ಸಾವ್ಕಾರ.

"ಏನ್ ಸ್ವಾಮೇರೆ, ನಿಮ್ ಹದ್ನೇಳು ಬಾಯೇ ಬುಡ್ತಿಲ್ಲ! ಗ್ರಾಣ ಬುಟ್ಟೇಟ್ಗೇ ವಾರ್ತೆ ಕೇಳನ ಅಂತ ಹಾಕುದ್ರೆ ಗೊರ್ ಅನ್ನಲ್ಲ."

"ನೆನ್ನೆ ಹಾಡ್ತಿತ್ತಲ್ಲ ಸಾವ್ಕಾರ್ರೆ?"

"ನೆನ್ನೆ ಹಾಡ್ತು. ಇವತ್ತು ಇಲ್ಲ."

ಸ್ವಾಮಿಗಳು ತಲೆ ಕೆರೆದುಕೊಂಡರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಹೇಳಿದಳು: "ಗ್ರಾಣದ ದೋಸ ಕಣ್ರಪ್ಪಾ. ಜಗ್ಲಿ ಮ್ಯಾಗೆ ಬಯಲಲ್ಲಿಟ್ರೆ ಇನ್ನೇನಾಯ್ತದೆ?" ಸುತ್ತಲಿದ್ದವರೆಲ್ಲ ಹೌದು ಹೌದೆಂದರು. ಸಾವ್ಕಾರ ಕೂಡ, ಸ್ವಲ್ಪ ತಡೆದು, ಹೌದೆಂದ.

ಚಿಕ್ಕಮಲ್ಲಪ್ಪ ತಾನು ಬರೆದ ಮಾತುಗಳನ್ನು ಬೇರೆಯವರು ಆಡುವುದನ್ನು ಕೇಳುತ್ತ ನೀರಿಗಿಳಿದ. ಅವನಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿತು, ಸಾವ್ಕಾರನ ಮೇಲೂ. "ಹೋಗ್ಲಿ ಬುಡಿ ಸಾವ್ಕಾರ್ರೆ," ಎಂದ. "ಗುರುವಾರ ನಮ್ಮನೆಗ್ ಬನ್ನಿ, ವೀಣೆ ಕೇಳೀರಂತೆ." ಅಷ್ಟು ಹೇಳಿ, ಮೂಗು ಹಿಡಿದು, ಮೂರು ಸಲ ಮುಳುಗಿದ. ಅವ್ವ ಕಲಿಸಿದಂತೆ ಮೈಯನ್ನು ಎರಡೂ ಕೈಯಿಂದ ಚೆನ್ನಾಗಿ ಉಜ್ಜಿಕೊಂಡ. ಎದ್ದು ನಿಂತ.

"ಅಯ್ಯೋ ಮಗ, ನಿನ್ ಜುಬ್ಬ!" ಎಂದಳು ಅವ್ವ ದಡದಿಂದ. ಅವನು ತಗ್ಗಿ ನೋಡಿಕೊಂಡ. ಹೊಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಮೂರು ತೂತುಗಳಿದ್ದವು, ಒಂದೊಂದೂ ಬೆಳ್ಳಿ ರೂಪಾಯಿಯಷ್ಟು ಅಗಲ. ಅವನು ಮುಟ್ಟಿದ ಕಡೆಯೆಲ್ಲ ಬಟ್ಟೆ ನೆನೆದ ಹಪ್ಪಳದಂತೆ ಬೆರಳಿಗೇ ಬರುತ್ತಿತ್ತು, ಒಳಗೆ ಹೊಟ್ಟೆ ಕೆಂಪಗೆ ಕಾಣುತ್ತಿತ್ತು. ಅಭ್ಯಾಸ ಮಾಡಿದ ಡಬ್ಬದಲ್ಲಿ ಇದ್ದದ್ದು ಮಳೆನೀರು. ಇಂದು ಜಿನುಗಿದ್ದು ಆಸಿಡ್. ಅದು ಹತ್ತಿಯ ಬಟ್ಟೆಯಲ್ಲಿ ಕಲೆ ಮಾಡದೆ, ಸದ್ದಿಲ್ಲದೆ ಕೂತು, ನೀರಿಗೆ ಹಾಕುವವರೆಗೆ ಕಾಯುತ್ತದೆ. ಸ್ವಾಮಿಗಳು ತಮ್ಮ ಜರಡಿ ಅಂಗಿಯನ್ನು ಒಮ್ಮೆ ನೋಡಿಕೊಂಡರು, ಇವನ ಜುಬ್ಬವನ್ನು ಒಮ್ಮೆ ನೋಡಿದರು. ಹತ್ತಿರ ಬಂದು ತೂತಿನಿಂದ ತೂತಿಗೆ ಬೆರಳಿಟ್ಟು ಅಳೆದರು: ನಾಲ್ಕು ಬೆರಳು, ಮತ್ತೆ ನಾಲ್ಕು ಬೆರಳು, ಬಿರಡೆಯಿಂದ ಬಿರಡೆಗೆ ಇರುವಷ್ಟೇ. ಆಮೇಲೆ ನಿಧಾನವಾಗಿ ಸಾವ್ಕಾರನ ಕಡೆ ತಿರುಗಿದರು. ಕೆಳಗಿನ ಕಲ್ಲಿನಿಂದ ಚಿಕ್ಕನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು, ಇಡೀ ಊರಿಗೆ ಕೇಳುವ ಹಾಗೆ ಕೂಗಿದಳು: "ಏನ್ ಚಿಕ್ಕಮಲ್ಲಪ್ಪೋರೆ, ಮೀನ್ ಕಚ್ಚುದ್ವಾ?"